ಬ್ಯಾಟರಿಯ ತೆರಿಗೆ ಯಾರ ತಲೆಗೆ?



ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಬ್ಯಾಟರಿ ಪಂಪು ಈಗ ಯಾರ ಮನೇಲಿಲ್ಲ ಹೇಳಿ? ಕೈಪಂಪು ಒತ್ತೀ ಒತ್ತೀ ರಟ್ಟೆ ಬಿದ್ದುಹೋಗಿತ್ತು, ಆಳೂ ಸಿಗಲಿಲ್ಲ, ತಗೊಂಡೆವು. ನನ್ನ ಪಂಪು ಗಟ್ಟಿಯಾಗೇ ಇದೆ. ಒಳಗಿನ 12 ವೋಲ್ಟಿನ ಸೀಸದ ಬ್ಯಾಟರಿ ಮಾತ್ರ ಎರಡೇ ವರ್ಷಕ್ಕೆ ಕೈಕೊಟ್ಟಿತು. ಹೊಸದಕ್ಕೆ ಹೋದರೆ ಹಿಂದಿನ ಬೆಲೆ ಇಲ್ಲ.

ಆ ಬೆಲೆಯೊಳಗೆ ತೆರಿಗೆ ಎಷ್ಟು ನೋಡಿದ್ದೀರಾ? 2017ರಲ್ಲಿ ಜಿಎಸ್‌ಟಿ ಬಂದಾಗ ಸೀಸದ ಬ್ಯಾಟರಿಗೆ ನೂರಕ್ಕೆ 28 ರೂಪಾಯಿ ಹಾಕಿದರು. 2025ರ ಸೆಪ್ಟೆಂಬರ್ 22ರಿಂದ ಅದನ್ನು 18ಕ್ಕೆ ಇಳಿಸಿದ್ದಾರೆ. ಇಳಿದದ್ದು ನಿಮ್ಮ ಬಿಲ್ಲಿನಲ್ಲಿ ಕಂಡಿತೇ? ಕಾಣೋದೆಲ್ಲಿಂದ, ಬಿಲ್ಲನ್ನೇ ನಾವು ಕೇಳೋದಿಲ್ಲ!

ಜಿಎಸ್‌ಟಿ ನೋಂದಣಿ ಇರುವ ದೊಡ್ಡ ವ್ಯಾಪಾರಿ ತಾನು ಕೊಟ್ಟ ತೆರಿಗೆಯನ್ನು ಮಾರುವಾಗ ವಜಾ ಹಾಕಿಕೊಳ್ಳುತ್ತಾನೆ. ನಮ್ಮ ಬೆಳೆಗೆ ಬೆಲೆ ಕಟ್ಟುವವನು ಕೊಳ್ಳುವವನು. ನಾವು ಯಾರ ಮೇಲೆ ಹಾಕೋಣ? ಅದು ಸೊಸೈಟಿ ಸಾಲದೊಳಗೆ ಸೇರಿಹೋಗುತ್ತದೆ.

ಆದ್ದರಿಂದ ಸಾಗುವಳಿ ಖರ್ಚು ಬರೆಯುವಾಗ ಗೊಬ್ಬರ, ಔಷಧಿ ಜೊತೆ ಬ್ಯಾಟರಿಯನ್ನೂ ಬರೆಯಿರಿ. ಬಿಲ್ಲು ಕೇಳಿ. ಹಳೆಯದನ್ನು ಸುಮ್ಮನೆ ಬಿಟ್ಟು ಬರಬೇಡಿ, ಅದರ ಸೀಸಕ್ಕೆ ಬೆಲೆಯಿದೆ, ಹೊಸದರಲ್ಲಿ ಕಳೆಯಲು ಹೇಳಿ.

ಇನ್ನೊಂದು ನಮ್ಮದೇ ತಪ್ಪು. ಚಾರ್ಜ್ ಇಳಿದ ಪಂಪನ್ನು ಹಾಗೇ ಅಟ್ಟಕ್ಕೆ ಹಾಕಿದರೆ ಸೀಸದ ತಗಡಿಗೆ ಉಪ್ಪು ಕಟ್ಟಿ ಬ್ಯಾಟರಿ ಸಾಯುತ್ತದೆ. ಕೆಲಸವಿಲ್ಲದ ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ. ನಾನು ಹಾಕದೇ ಒಂದನ್ನು ಕಳಕೊಂಡೆ.