ಓಟದ ದಾರಿಯ ಒಣಕೊಂಬೆ

ಐವತ್ತೆಂಟು ವಯಸ್ಸಿನ ಮನುಷ್ಯನೊಬ್ಬ ಬೆಳಗಿನ ಜಾವ ಬೀದಿಯಲ್ಲಿ ಓಡತೊಡಗಿದರೆ, ನೋಡಿದವರು ಮೊದಲು ಅವನ ಹಿಂದೆ ನಾಯಿಯೇನಾದರೂ ಬರುತ್ತಿದೆಯೇ ಎಂದು ನೋಡುತ್ತಾರೆ. ನನ್ನನ್ನು ಅಟ್ಟಿಸಿಕೊಂಡು ಬಂದದ್ದು ನಾಯಿಯಲ್ಲ, ವೈದ್ಯರ ಮಾತು. ರಕ್ತದಲ್ಲಿ ಸಕ್ಕರೆ ಏರಿದೆ, ನಡೆಯಿರಿ, ಸಾಧ್ಯವಾದರೆ ಮೆಲ್ಲಗೆ ಓಡಿ ಎಂದರು. ಮೈಸೂರಿನ ಸರಸ್ವತೀಪುರದ ನಮ್ಮ ಮನೆಯಿಂದ ಕುಕ್ಕರಹಳ್ಳಿ ಕೆರೆಯ ಏರಿಯವರೆಗೆ ಹೋಗಿ ಹಿಂದಿರುಗುವುದು ಹೀಗೆ ನನ್ನ ನಿತ್ಯವಿಧಿಯಾಯಿತು.

1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿಸಿದ ಆ ಕೆರೆಯನ್ನೂ, ಅಲ್ಲಿಗೆ ಬರುವ ಹೆಜ್ಜಾರ್ಲೆಗಳನ್ನೂ ಕುರಿತು ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. ನಾನು ಹೇಳಹೊರಟಿರುವುದು ಕೆರೆ ಮುಟ್ಟುವ ಮೊದಲು ಸಿಗುವ ಬೀದಿಗಳ ಮಾತು. ಇಪ್ಪತ್ತು ವರ್ಷ ಅದೇ ಬೀದಿಗಳಲ್ಲಿ ಸ್ಕೂಟರಿನ ಮೇಲೆ ಓಡಾಡಿದ್ದೆ. ಕಂಡದ್ದು ಬರಿಯ ಗುಂಡಿಗಳು, ಎದುರಿನಿಂದ ಬರುವ ವಾಹನಗಳು. ಓಡುವವನ ಸ್ಥಿತಿ ಬೇರೆ. ಏದುಸಿರಿನಿಂದಾಗಿ ಅವನು ಮಾತನಾಡಲಾರ, ಆದ್ದರಿಂದ ಕೇಳಿಸಿಕೊಳ್ಳುತ್ತಾನೆ. ಬೇಡವೆಂದರೂ ದೀರ್ಘವಾಗಿ ಉಸಿರೆಳೆದುಕೊಳ್ಳಬೇಕು. ಆದ್ದರಿಂದ ನೀರು ಚಿಮುಕಿಸಿದ ಅಂಗಳದ ಮಣ್ಣಿನ ವಾಸನೆಯೂ, ಉದುರಿ ಬಿದ್ದ ಹೊಂಗೆಯ ಹೂವಿನ ಕಂಪೂ ಒಳಗೆ ಹೋಗುತ್ತವೆ. ಬೇಸಗೆಯ ಆರಂಭದಲ್ಲಿ ಇನ್ನೂ ಕತ್ತಲಿರುವಾಗಲೇ ಮಡಿವಾಳ ಹಕ್ಕಿ ಹಾಡತೊಡಗುತ್ತದೆ. ಅದರ ಜೊತೆಗೆ ಕೋಗಿಲೆ. ಬಿಸಿಲು ಸ್ವಲ್ಪ ಕಾದ ಮೇಲೆ ಎಲ್ಲಿಂದಲೋ, ಯಾರೋ ಪಾತ್ರೆ ತಟ್ಟುತ್ತಿರುವ ಹಾಗೆ, ಟುಕ್ ಟುಕ್ ಟುಕ್ ಎಂಬ ಒಂದೇ ಸಮನಾದ ಸದ್ದು. ಅದೇ ಕಂಚುಗಾರ ಹಕ್ಕಿ. ತಲೆಯನ್ನು ಅತ್ತಿತ್ತ ತಿರುಗಿಸುತ್ತ ಕೂಗುವುದರಿಂದ ಸದ್ದು ಯಾವ ಕಡೆಯದೆಂದು ಗೊತ್ತಾಗುವುದಿಲ್ಲ. ನಾನಂತೂ ಎಷ್ಟೋ ದಿನ ತಪ್ಪು ಮರವನ್ನೇ ನೋಡಿಕೊಂಡು ಓಡಿದ್ದೇನೆ.

ನಮ್ಮ ಬೀದಿಯ ತಿರುವಿನಲ್ಲಿ ಒಂದು ಮುದಿ ಗುಲ್‌ಮೊಹರ್ ಇದೆ. ಮಡಗಾಸ್ಕರ್ ದ್ವೀಪದಿಂದ ಬಂದು ನಮ್ಮೂರಿನದೇ ಆಗಿಹೋದ ಜಾತಿ. ಅದರ ಕಾಯಿಗಳನ್ನು ಹಿಡಿದು ಕತ್ತಿಯುದ್ಧ ಮಾಡದ ಮಕ್ಕಳು ಇಲ್ಲಿ ಅಪರೂಪ. ಆ ಮರದ ಒಂದು ದೊಡ್ಡ ಕೊಂಬೆ ಒಣಗಿತ್ತು. ಅದರ ತುಂಡೊಂದು ಮುರಿದು, ತಿರುವಿನ ಮನೆಯ ಹುಡುಗನ ಸೈಕಲ್ಲಿನ ಮೇಲೆ ಬಿತ್ತು. ಹುಡುಗ ಆಗ ತಾನೆ ಇಳಿದು ಒಳಗೆ ಹೋಗಿದ್ದ. ಬೀದಿಯವರೆಲ್ಲ ಸೇರಿ ಮರವನ್ನೇ ತೆಗೆಸಬೇಕೆಂದು ಮನವಿ ಬರೆದೆವು. ಕರ್ನಾಟಕದ ನಗರಗಳಲ್ಲಿ ಮರ ಕಡಿಯಲು ಅನುಮತಿ ಬೇಕೆಂಬ ಕಾಯಿದೆ 1976ರಿಂದಲೂ ಇದೆಯಷ್ಟೆ. ಮನವಿಯಲ್ಲಿ ಮೂರನೆಯ ರುಜು ನನ್ನದು. ಮರವನ್ನು ಒಮ್ಮೆಯಾದರೂ ತಲೆಯೆತ್ತಿ ನೋಡಿ ಹಾಕಿದ ರುಜುವಲ್ಲ ಅದು.

ಮಾರ್ಚಿಯ ಒಂದು ಬೆಳಗ್ಗೆ ಓಡಲಾರದೆ ಆ ಮರಕ್ಕೇ ಕೈಯೊತ್ತಿ ನಿಂತೆ. ಎಲೆಯೆಲ್ಲ ಉದುರಿದ್ದರಿಂದ ಒಣಕೊಂಬೆಯ ಅಡಿಭಾಗ ಚೆನ್ನಾಗಿ ಕಾಣುತ್ತಿತ್ತು. ಅಲ್ಲಿ ನಿಂಬೆಹಣ್ಣಿನ ಗಾತ್ರದ ದುಂಡನೆಯ ತೂತು. ಅದರಿಂದ ಮೊದಲು ದಪ್ಪ ಕೊಕ್ಕು, ಆಮೇಲೆ ಕೆಂಪು ಹಣೆ, ಕಣ್ಣಿನ ಸುತ್ತ ಹಳದಿ. ಹಸುರು ಮೈಯ ಆ ಪುಟ್ಟ ಹಕ್ಕಿ ನನ್ನನ್ನು ನೋಡಿ ಒಳಗೆ ಸರಿಯಿತು. ಕಂಚುಗಾರ ಗೂಡು ಕೊರೆಯುವುದು ಮೆದು ಮರದಲ್ಲಿ, ಒಣಗಿದ ಕೊಂಬೆಯಲ್ಲಿ. ನಮಗೆ ಬೇಡವಾದದ್ದೇ ಅದಕ್ಕೆ ಬೇಕಾದದ್ದು.

ತಿರುವಿನ ಮನೆಯ ಅಜ್ಜಿಗೆ ಹೋಗಿ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, “ಹಕ್ಕಿಗೆ ಇನ್ನೊಂದು ಮರ ಸಿಗುತ್ತದೆ ಮೇಷ್ಟ್ರೇ. ನನಗಿರುವುದು ಒಬ್ಬನೇ ಮೊಮ್ಮಗ” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ; ಈಗಲೂ ಇಲ್ಲ. ಆದರೆ ಮಾರನೆಯ ಬೆಳಗ್ಗೆ ನಾನು ಓಡಿ ಬರುವ ಹೊತ್ತಿಗೆ ಅಜ್ಜಿ ಸೆರಗು ಹೊದ್ದು ಮರದಿಂದ ದೂರದಲ್ಲಿ ನಿಂತು ಮೇಲೆ ನೋಡುತ್ತಿದ್ದರು. “ಹಣ್ಣು ಕಚ್ಚಿಕೊಂಡು ಬಂತು. ಒಳಗೆ ಮರಿ ಇರಬೇಕು” ಎಂದು ಪಿಸುಗುಟ್ಟಿದರು. ಆ ದಿನವೇ ಅವರ ಮನೆಯ ಹಳೆಯ ಬೆಂಚು ಕೊಂಬೆಯ ಕೆಳಗೆ ಅಡ್ಡವಾಗಿ ಬಂತು. ಹುಡುಗನಿಗೆ ಆಚೆ ಬದಿಯ ದಾರಿ. ನಾವಿಬ್ಬರೂ ಹೋಗಿ, ಮರ ಬೇಡ, ಕೊಂಬೆಯೊಂದು ಸಾಕು, ಅದೂ ಮಳೆಗೆ ಮುಂಚೆ, ಎಂದು ಬೇರೆ ಅರ್ಜಿ ಕೊಟ್ಟು ಬಂದೆವು. ಗುಮಾಸ್ತರು ಕಾರಣ ಕೇಳಿದಾಗ ಅಜ್ಜಿ, “ಬಾಣಂತನ” ಎಂದುಬಿಟ್ಟರು.

ಮೇ ತಿಂಗಳ ಕೊನೆಯಲ್ಲಿ ಮರವೆಲ್ಲ ಕೆಂಪಾಗಿದ್ದಾಗ ಕೆಲಸದವರು ಬಂದರು. ಗೂಡು ಬರಿದಾಗಿ ಬಹಳ ದಿನವಾಗಿತ್ತು. ಕಾಂಡದ ಬಳಿ ಮೊಳದಷ್ಟು ಮೋಟನ್ನು ಬಿಟ್ಟು ಉಳಿದದ್ದನ್ನು ಕತ್ತರಿಸಿದರು. ತೂತಿದ್ದ ತುಂಡನ್ನು ಹುಡುಗ ಕೇಳಿ ಪಡೆದು ಕಾಂಪೌಂಡಿನ ಗೋಡೆಯ ಮೇಲೆ ನಿಲ್ಲಿಸಿಕೊಂಡಿದ್ದಾನೆ. ಅದರೊಳಕ್ಕೆ ಇರುವೆಗಳು ಹೊರತು ಯಾರೂ ಬಂದಿಲ್ಲ. ಆ ಮೋಟಿನಲ್ಲಿಯೂ ಇನ್ನೂ ತೂತು ಬಿದ್ದಿಲ್ಲ. ನಾನು ತಿರುವಿಗೆ ಬರುವಾಗ ಅಜ್ಜಿ ರಂಗೋಲಿಯಿಂದ ತಲೆಯೆತ್ತಿ, “ಈವತ್ತು ಕೂಗಿತೇ ಮೇಷ್ಟ್ರೇ?” ಎಂದು ಕೇಳುತ್ತಾರೆ. ಮಾತಿಗೆ ಉಸಿರಿಲ್ಲದ ನಾನು ಕೆರೆಯ ಕಡೆಗೋ ಆಲದ ಮರದ ಕಡೆಗೋ ಕೈ ತೋರಿಸಿ ಮುಂದೆ ಓಡುತ್ತೇನೆ.