ನಿದ್ದೆಗುಳಿಗೆ ಬರೆಯುವ ಮುನ್ನ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಿಂದ ಬಂದಿರುವ ವೈದ್ಯ ಮಿತ್ರರೆ, ಆಯುರ್ವೇದ ಪಂಡಿತರೆ, ದಾದಿಯರೆ,

ನಿದ್ರಾ ಚಿಕಿತ್ಸಾಲಯ ಎಂದ ಕೂಡಲೇ ಮೈಗೆಲ್ಲ ತಂತಿ ಅಂಟಿಸಿಕೊಂಡು ಮಲಗಿದ ರೋಗಿ, ಪಕ್ಕದ ಕೋಣೆಯಲ್ಲಿ ರಾತ್ರಿಯಿಡೀ ಪರದೆ ನೋಡುತ್ತ ಕುಳಿತ ತಂತ್ರಜ್ಞರು ನಮಗೆ ನೆನಪಾಗುತ್ತಾರೆ. ದೊಡ್ಡ ಆಸ್ಪತ್ರೆ ಬೇಕಾದಾಗ ಇಲ್ಲಿಯವರು ಹುಬ್ಬಳ್ಳಿಗೆ ಹೋಗುತ್ತಾರೆ, ಇಲ್ಲವೆ ಘಟ್ಟ ಇಳಿದು ಮಣಿಪಾಲ, ಮಂಗಳೂರಿಗೆ. ನಿಮ್ಹಾನ್ಸ್‌ನ ನಿದ್ರಾ ಪ್ರಯೋಗಾಲಯ ಇರುವುದು ಬೆಂಗಳೂರಿನಲ್ಲಿ. ಹೀಗಾಗಿ ನಿದ್ರಾರೋಗ ನಮ್ಮ ಕೈಗೆ ಸಿಗುವ ವಿಷಯವಲ್ಲ ಎಂಬ ಭಾವನೆ ಬೇರೂರಿದೆ. ಅದನ್ನು ನಾನು ಒಪ್ಪುವುದಿಲ್ಲ. ನಿದ್ರಾರೋಗದ ನಿರ್ಣಯ ಶುರುವಾಗುವುದು ರೋಗಿಯ ಮಾತಿನಿಂದ, ಪಕ್ಕದಲ್ಲಿ ಮಲಗುವವರ ಮಾತಿನಿಂದ. ಅದನ್ನು ಕೇಳಿಸಿಕೊಳ್ಳಲು ತಾಲ್ಲೂಕು ಆಸ್ಪತ್ರೆಯ ಕುರ್ಚಿ ಸಾಕು.

‘ನಿದ್ದೆ ಬರ್ತಿಲ್ಲ’ ಎಂಬುದು ರೋಗಿಯ ದೂರು, ರೋಗದ ಹೆಸರಲ್ಲ. ಅದರ ಹಿಂದೆ ಖಿನ್ನತೆ ಇರಬಹುದು, ಥೈರಾಯ್ಡ್ ಇರಬಹುದು, ಸಂಜೆಯ ಚಹಾ ಇರಬಹುದು. ಮಲಗಿದೊಡನೆ ಕಾಲೊಳಗೆ ಏನೋ ಹರಿದಂತಾಗಿ ಎದ್ದು ಓಡಾಡಿದರೆ ಮಾತ್ರ ಸಮಾಧಾನವಾಗುವ ಹೆಂಗಸಿಗೆ ನಾವು ನರದ ದೌರ್ಬಲ್ಯವೆಂದು ಗುಳಿಗೆ ಕೊಡುತ್ತೇವೆ. ಅವಳ ರಕ್ತದಲ್ಲಿ ಫೆರಿಟಿನ್ ನೋಡಿದ್ದರೆ ಕಬ್ಬಿಣದ ಕೊರತೆ ಸಿಗುತ್ತಿತ್ತೇನೋ. ಇನ್ನೊಬ್ಬ ಗೊರಕೆ ಹೊಡೆಯುತ್ತಾನೆ, ನಡುವೆ ಉಸಿರು ನಿಂತು ಏದುಸಿರಿನೊಂದಿಗೆ ಎಚ್ಚರಗೊಳ್ಳುತ್ತಾನೆ. ಬೆಳಿಗ್ಗೆ ತಲೆನೋವು, ಎಷ್ಟು ಮಾತ್ರೆ ಕೊಟ್ಟರೂ ಇಳಿಯದ ಬಿ.ಪಿ. ಅವನೂ ಹೇಳುವುದು ‘ಸರಿಯಾಗಿ ನಿದ್ದೆ ಇಲ್ಲ’ ಎಂದೇ. ಅವನಿಗೆ ಆಲ್ಪ್ರಜೋಲಾಂನಂಥ ನಿದ್ದೆಗುಳಿಗೆ ಬರೆದರೆ ಗಂಟಲಿನ ಸ್ನಾಯು ಮತ್ತಷ್ಟು ಸಡಿಲವಾಗುತ್ತದೆ, ಉಸಿರು ಕಟ್ಟಿದಾಗ ಎಬ್ಬಿಸಬೇಕಾದ ಮೆದುಳೂ ಮಂಕಾಗುತ್ತದೆ. ಕೇಳದೆ ಬರೆದ ಒಂದು ಚೀಟಿ ಮಾಡಬಹುದಾದ ಹಾನಿ ಇದು.

ಗೊರಕೆ, ಉಸಿರುಕಟ್ಟು ಇದೆಲ್ಲ ಪೇಟೆಯ ಸ್ಥೂಲಕಾಯರ ಕಾಯಿಲೆ, ತೋಟದಲ್ಲಿ ದುಡಿಯುವವರಿಗೆ ಎಲ್ಲಿಂದ ಬರುತ್ತದೆ ಎಂಬ ಮಾತಿದೆ. ಬೊಜ್ಜು ಮುಖ್ಯ ಕಾರಣ ಹೌದು. ಆದರೆ ಹಿಂದೆ ಸರಿದ ಗಲ್ಲ, ಇಕ್ಕಟ್ಟಾದ ಗಂಟಲು, ವಯಸ್ಸು, ಮುಟ್ಟು ನಿಲ್ಲುವುದು ಇವೂ ಕಾರಣಗಳೇ. ಏಷ್ಯಾದವರಲ್ಲಿ ಕಡಿಮೆ ತೂಕಕ್ಕೇ ಈ ತೊಂದರೆ ಕಾಣಿಸಿಕೊಳ್ಳುತ್ತದೆ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ದುಡಿಯುವ ವಯಸ್ಸಿನವರ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 9 ಮಂದಿಗೆ ಗಂಟೆಗೆ ಐದು ಅಥವಾ ಹೆಚ್ಚು ಸಲ ಉಸಿರಿನ ತಡೆ ಇತ್ತು. ಹಗಲಿನ ತೂಕಡಿಕೆಯೂ ಜತೆಗಿದ್ದವರು ಶೇ. 4 ಮತ್ತು ಶೇ. 2. ಅಲ್ಲಿನ ಅಂಕಿ ಇಲ್ಲಿಗೆ ಹೊಂದಬೇಕಿಲ್ಲ. ಆದರೂ ಅರಬೈಲು ಘಟ್ಟದಲ್ಲಿ ರಾತ್ರಿ ಲಾರಿ ಓಡಿಸುವವರಿಗೆ, ಅಡಿಕೆ ಮರದ ತುದಿಯಲ್ಲಿ ಕೊನೆ ಕೊಯ್ಯುವವರಿಗೆ ಒಂದು ಕ್ಷಣದ ತೂಕಡಿಕೆ ಏನು ಮಾಡೀತೆಂದು ಈ ಸಭೆಗೆ ವಿವರಿಸಬೇಕಾಗಿಲ್ಲ.

ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ, ಸುಗ್ಗಿಯಲ್ಲಿ ಸರಿರಾತ್ರಿಯವರೆಗೆ ಅಡಿಕೆ ಸುಲಿದು ಗಟ್ಟಿಮುಟ್ಟಾಗಿ ಬದುಕಿದ ಹಿರಿಯರನ್ನು ತೋರಿಸುವವರೂ ಇದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ನಿದ್ದೆಗೆಡುವುದು ಬೇರೆ, ನಿದ್ರಾರೋಗ ಬೇರೆ. ಆಟ ನೋಡಿದವನು ಮರುದಿನ ಮಲಗಿ ಸುಧಾರಿಸಿಕೊಳ್ಳುತ್ತಾನೆ. ಎಂಟು ತಾಸು ಮಲಗಿ ಎದ್ದರೂ ದಣಿವು ಹೋಗದವನನ್ನು ನಾವು ಹುಡುಕಬೇಕು. ಚರಕ ಸಂಹಿತೆ ನಿದ್ದೆಯನ್ನು ದೇಹದ ಮೂರು ಉಪಸ್ತಂಭಗಳಲ್ಲಿ ಒಂದೆಂದು ಎಣಿಸಿದೆ. ಇಲ್ಲಿನ ಆಯುರ್ವೇದ ವೈದ್ಯರು ಈ ಹುಡುಕಾಟದಲ್ಲಿ ನಮ್ಮ ಜತೆ ಇರಬೇಕೆಂದು ನಾನು ಬಯಸುವುದು ಅದಕ್ಕೇ.

ಇನ್ನು ಚಿಕಿತ್ಸೆ. ಸಿಡ್ನಿಯ ಕಾಲಿನ್ ಸಲಿವನ್ 1981ರಲ್ಲಿ ವರದಿ ಮಾಡಿದ ಸಿಪ್ಯಾಪ್, ಮೂಗಿನ ಮೂಲಕ ಗಾಳಿಯೊತ್ತಡ ಕೊಟ್ಟು ಗಂಟಲು ಮುಚ್ಚದಂತೆ ನೋಡಿಕೊಳ್ಳುತ್ತದೆ. ದುಬಾರಿ ಯಂತ್ರ, ಅದರಿಂದ ಹೃದಯಾಘಾತವೂ ತಪ್ಪುವುದಿಲ್ಲವಂತೆ ಎಂಬ ಆಕ್ಷೇಪ ಗಂಭೀರವಾದದ್ದು. 2016ರಲ್ಲಿ ಪ್ರಕಟವಾದ ‘ಸೇವ್’ ಪ್ರಯೋಗದಲ್ಲಿ ಹೃದ್ರೋಗ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ, ನಿಜ. ಆದರೆ ಅದರಲ್ಲಿದ್ದವರು ಯಂತ್ರ ಬಳಸಿದ್ದು ರಾತ್ರಿಗೆ ಸರಾಸರಿ 3.3 ಗಂಟೆ ಮಾತ್ರ. ವಿಪರೀತ ತೂಕಡಿಕೆ ಇದ್ದವರನ್ನು ಪ್ರಯೋಗಕ್ಕೆ ಸೇರಿಸಿಕೊಂಡೂ ಇರಲಿಲ್ಲ. ಹಾಗಿದ್ದೂ ಅವರ ತೂಕಡಿಕೆ ತಗ್ಗಿತು, ಮನಸ್ಸು ಹಗುರಾಯಿತು. ಆದ್ದರಿಂದ ಯಂತ್ರವನ್ನು ಹೃದಯರಕ್ಷೆಯೆಂದು ಮಾರುವುದು ತಪ್ಪು, ಹಗಲು ತೂಕಡಿಸುವ ಚಾಲಕನಿಗೆ ನಿರಾಕರಿಸುವುದು ಅದಕ್ಕಿಂತ ದೊಡ್ಡ ತಪ್ಪು. ಉಸಿರುಕಟ್ಟಿನ ಬಲವಾದ ಸಂಶಯವಿದ್ದು ಬೇರೆ ತೊಡಕಿಲ್ಲದವರಿಗೆ, ಅದನ್ನು ಖಚಿತಪಡಿಸಿಕೊಳ್ಳಲು ಮನೆಯಲ್ಲೇ ಮಾಡುವ ಪರೀಕ್ಷೆ ಸಾಕಾಗುತ್ತದೆ. ದೀರ್ಘಕಾಲದ ನಿದ್ರಾಹೀನತೆಗಂತೂ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲೇ ಗುಳಿಗೆಗಿಂತ ಮೊದಲು ವರ್ತನಾ ಚಿಕಿತ್ಸೆಯನ್ನು ಸೂಚಿಸಿದೆ: ನಿದ್ದೆ ಬಂದಾಗಲೇ ಹಾಸಿಗೆಗೆ ಹೋಗುವುದು, ಬಾರದಿದ್ದರೆ ಎದ್ದು ಬರುವುದು, ಏಳುವ ಹೊತ್ತನ್ನು ಬದಲಿಸದಿರುವುದು. ಇದನ್ನು ತರಬೇತಾದ ದಾದಿಯೊಬ್ಬರು ಕನ್ನಡದಲ್ಲೇ ಕಲಿಸಬಹುದು.

ಈ ಸಂಕಿರಣದಿಂದ ನಾನು ನಿರೀಕ್ಷಿಸುವುದು ಮೂರೂ ತಾಲ್ಲೂಕುಗಳಿಗೆ ಸಮಾನವಾದ, ಒಂದೇ ಪುಟದ ಪ್ರಶ್ನಾವಳಿ. ಬಿ.ಪಿ., ಸಕ್ಕರೆ ಕಾಯಿಲೆಯ ಪ್ರತಿ ರೋಗಿಯನ್ನೂ ಗೊರಕೆ, ಉಸಿರುಕಟ್ಟು, ಹಗಲಿನ ತೂಕಡಿಕೆಯ ಬಗ್ಗೆ ಕೇಳಿ. ಸಾಧ್ಯವಾದರೆ ಮನೆಯವರನ್ನೂ ಒಳಗೆ ಕರೆದು ಕೇಳಿ. ಅದು ಆಗುವವರೆಗೆ ನಿದ್ದೆಗುಳಿಗೆಯ ಚೀಟಿ ಬರೆಯಬೇಡಿ ಎಂದು ನಿಮ್ಮೆಲ್ಲರಲ್ಲಿ ನನ್ನ ವಿನಂತಿ.