ಮನೆಯ ವೀಣೆ

ವೀಣೆಯನ್ನು ಕುರಿತು ಮಾತನಾಡುವವರು ಅದರ ನಾದಮಾಧುರ್ಯವನ್ನೂ ವೈಣಿಕರ ಕೀರ್ತಿಯನ್ನೂ ವರ್ಣಿಸುವುದು ವಾಡಿಕೆ. ವೀಣೆ ಶೇಷಣ್ಣನವರು (1852–1926) ನುಡಿಸಿದ ಮೈಸೂರಿನಲ್ಲಿ ಅಂತಹ ವರ್ಣನೆಗೆ ಕೊರತೆಯಿಲ್ಲ. ನಾವು ಈ ಹೊತ್ತು ಹೇಳಹೊರಟಿರುವುದು ಅಷ್ಟು ದೊಡ್ಡ ವಿಷಯವಲ್ಲ. ಮನೆಯಲ್ಲಿರುವ ವೀಣೆಯನ್ನು ನುಡಿಯುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಹೇಗೆಂಬುದಷ್ಟೇ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಕಾಲದ ವೀಣೆ ನವರಾತ್ರಿಯ ಪೂಜೆಗೆ ಮಾತ್ರ ಹೊರಬಂದು, ಉಳಿದ ದಿನಗಳಲ್ಲಿ ಗವಸಿನೊಳಗೆ ಮೂಕವಾಗಿರುತ್ತದೆ. ಕಾರಣವನ್ನು ಕೇಳಿದರೆ ಮೇಳ ಕೆಟ್ಟಿದೆಯೆನ್ನುತ್ತಾರೆ. ಅನೇಕ ವೇಳೆ ಕೆಟ್ಟಿರುವುದು ಒಂದು ತಂತಿ ಮಾತ್ರ.

ಗಿಟಾರಿನಲ್ಲಿ ಲೋಹದ ಮೆಟ್ಟಿಲುಗಳನ್ನು ಮರದೊಳಕ್ಕೇ ಬಿಗಿಯಾಗಿ ಕೂರಿಸಿರುತ್ತಾರೆ. ಮನೆಯವರು ಅವನ್ನು ಕದಲಿಸುವಂತಿಲ್ಲ. ವೀಣೆಯ ಸಂಗತಿ ಬೇರೆ. ಅದರ 24 ಮೆಟ್ಟಿಲುಗಳು ಮಸಿ ಬೆರೆಸಿದ ಜೇನುಮೇಣದ ಕಟ್ಟಿನ ಮೇಲೆ ನಿಂತಿವೆ. ಆದಕಾರಣ ವೀಣೆ ಕೆಡುವುದೂ ಸುಲಭ, ಸರಿಯಾಗುವುದೂ ಸುಲಭ. ಜೇನುಮೇಣವು ಸುಮಾರು 62ರಿಂದ 64 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಮೆದುವಾಗುವುದಕ್ಕೆ ಅಷ್ಟು ಕಾವೂ ಬೇಡ. ಬಿಸಿಲು ಬೀಳುವ ಕಿಟಕಿಯ ಬಳಿ, ಒಲೆಯ ಗೋಡೆಯ ಪಕ್ಕದಲ್ಲಿ, ಬಾಗಿಲು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಮೋಟಾರಿನೊಳಗೆ ವೀಣೆಯನ್ನು ಇಡಲಾಗದು. ಗೋಡೆಗೆ ಒರಗಿಸದೆ, ಮಲಗಿಸಿಯೇ ಇಡಬೇಕು. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಗಳನ್ನು ಒರೆಸುವ ಅಭ್ಯಾಸವಾದರೆ ಬೆರಳಿನ ಬೆವರಿನಿಂದ ತುಕ್ಕು ಹಿಡಿಯುವುದು ತಪ್ಪುತ್ತದೆ. ಎಣ್ಣೆಗೆ ಧೂಳು ಅಂಟಿ ಮೆಟ್ಟಿಲುಗಳ ನಡುವೆ ಕೂರುವುದೂ ತಪ್ಪುತ್ತದೆ.

ಬಿರಡೆಗಳು ಋತುವನ್ನು ಅನುಸರಿಸುತ್ತವೆ. ಮಳೆಗಾಲದಲ್ಲಿ ಮರವು ಉಬ್ಬಿ ಬಿರಡೆ ಬಿಗಿಯುತ್ತದೆ. ಬೇಸಗೆಯಲ್ಲಿ ಸೊರಗಿ ಜಾರುತ್ತದೆ. ಜಾರುವ ಬಿರಡೆಗೆ ಸೀಮೆಸುಣ್ಣದ ಪುಡಿಯನ್ನೂ, ತಿರುಗದ ಬಿರಡೆಗೆ ಒಣ ಸಾಬೂನನ್ನೂ ಸ್ವಲ್ಪವಾಗಿ ಸವರಿದರೆ ಸಾಕು. ಎಣ್ಣೆ ಮಾತ್ರ ಕೂಡದು. ತಂತಿಗಳನ್ನು ಬದಲಾಯಿಸುವಾಗ ಒಂದನ್ನು ಕಟ್ಟಿ ಬಿಗಿದ ಬಳಿಕವೇ ಮತ್ತೊಂದನ್ನು ಬಿಚ್ಚಬೇಕು. ಏಳನ್ನೂ ಒಮ್ಮೆಗೇ ಸಡಿಲಿಸಿದರೆ ಕುದುರೆಯು ತನ್ನ ಸ್ಥಾನದಿಂದ ಕದಲುವ ಅಪಾಯವುಂಟು.

ಇನ್ನು ಅಪಸ್ವರದ ಮಾತು. ಇಲ್ಲಿ ಕೈಗಿಂತ ಮೊದಲು ವಿವೇಕವು ಕೆಲಸಮಾಡಬೇಕು. ಒಂದೇ ತಂತಿಯು ಅನೇಕ ಮೆಟ್ಟಿಲುಗಳಲ್ಲಿ ತಪ್ಪು ನುಡಿದರೆ ದೋಷವು ತಂತಿಯದು. ಹೊಸದನ್ನು ಹಾಕಿ ನೋಡಬೇಕು. ಎಲ್ಲ ತಂತಿಗಳೂ ಒಂದೇ ಮೆಟ್ಟಿಲಿನಲ್ಲಿ ತಪ್ಪಿದರೆ ದೋಷವು ಮೆಟ್ಟಿಲಿನದು. ಎಲ್ಲ ತಂತಿಗಳೂ ಎಲ್ಲೆಡೆಯೂ ತಪ್ಪಿದರೆ ಕುದುರೆಯನ್ನು ಸಂದೇಹಿಸಬೇಕು. ಸಾರಣಿಯ ನಟ್ಟನಡುವೆ, ಎಂದರೆ 12ನೆಯ ಮೆಟ್ಟಿಲಿನ ಮೇಲೆ, ಒತ್ತದೆ ಬೆರಳನ್ನು ಸೋಕಿಸಿ ಮೀಟಿದರೆ ಮೇಲಿನ ಷಡ್ಜವು ಕೇಳಿಬರುತ್ತದೆ. ಅನಂತರ ಅಲ್ಲಿಯೇ ಒತ್ತಿ ಮೀಟಬೇಕು. ಎರಡು ನಾದಗಳೂ ಕೂಡಿಕೊಂಡರೆ ಆ ಮೆಟ್ಟಿಲು ಸರಿಯಾಗಿದೆ. ಒತ್ತಿದ ಸ್ವರ ಏರಿದ್ದರೆ ಮೆಟ್ಟಿಲು ಬಿರಡೆಗಳ ಕಡೆಗೂ, ಇಳಿದಿದ್ದರೆ ಕುದುರೆಯ ಕಡೆಗೂ ಎಳ್ಳುಕಾಳಿನಷ್ಟು ಸರಿಯಬೇಕು. ಬೆಚ್ಚಗೆ ಕಾಯಿಸಿದ ಕಬ್ಬಿಣದ ಕಡ್ಡಿಯಿಂದ ಮೇಣವನ್ನು ಮೆತ್ತಗೆ ಮಾಡಿ, ಮೆಟ್ಟಿಲನ್ನು ನವುರಾಗಿ ಸರಿಸಿ, ಪೂರ್ತಿ ಆರಿದ ಮೇಲೆ ಮತ್ತೆ ಪರೀಕ್ಷಿಸಬೇಕು. ಒಂದು ಮೆಟ್ಟಿಲಿಗೆ ಇದು ಸಲ್ಲುತ್ತದೆ.

ಇದಕ್ಕಿಂತ ಮುಂದೆ ಹೋಗಬಾರದೆಂಬುದನ್ನೂ ಹೇಳಬೇಕು. ಇಡೀ ಮೇಳವನ್ನು ಕಟ್ಟುವುದು, ಕುದುರೆಯ ಮೇಲಿನ ಲೋಹದ ತಗಡನ್ನು ಅರದಿಂದ ಉಜ್ಜುವುದು, ಬಿರಿದ ಕೊಡವನ್ನು ಕೂಡಿಸುವುದು, ಇವು ಕುಶಲಿಗಳ ಕೆಲಸ. ಮೆಟ್ಟಿಲುಗಳ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ತಂತಿ ಮುಂದಿನ ಮೆಟ್ಟಿಲಿಗೆ ತಗಲಿ ಜರಗುಟ್ಟುತ್ತದೆ. ತಲೆಮಾರುಗಳಿಂದ ಈ ವಿದ್ಯೆಯನ್ನು ಉಳಿಸಿಕೊಂಡು ಬಂದವರಿಗೆ ಕೆಲಸವೂ ತಕ್ಕ ಕೂಲಿಯೂ ದೊರೆಯಬೇಕಾದರೆ, ಮನೆಯ ವೀಣೆಗಳು ನುಡಿಯುತ್ತಿರಬೇಕು. ಪೂಜೆಯ ವೀಣೆಗೆ ಮೇಳ ಕಟ್ಟಿಸುವವರು ಯಾರು?

ಶ್ರುತಿ ಸೇರಿತೇ ಎಂಬುದನ್ನು ಕಣ್ಣಿಗೆ ತೋರಿಸುವ ಯಂತ್ರಗಳು ಈಗ ಬಂದಿವೆ. ಅವನ್ನು ಬಳಸುವುದು ತಪ್ಪಲ್ಲ. ಆದರೆ ಮೊದಲು ಕಿವಿಯಿಂದ ಶ್ರುತಿ ಮಾಡಿ, ಆಮೇಲೆ ಯಂತ್ರವನ್ನು ಸಾಕ್ಷಿಗೆ ಕರೆಯುವುದು ಮೇಲು. ಮಗುವಿಗೆ ವೀಣೆಯನ್ನು ಕಲಿಸುವ ತಾಯಿತಂದೆಗಳು ಮೊದಲ ದಿನದಿಂದಲೇ ಬಿರಡೆಯನ್ನು ಅದರ ಕೈಗೆ ಕೊಡಲಿ. ಒಂದೆರಡು ತಂತಿ ಹರಿದರೆ ನಷ್ಟವೇನೂ ದೊಡ್ಡದಲ್ಲ. ಬೇರೆಯವರು ಶ್ರುತಿ ಮಾಡಿಕೊಟ್ಟ ವೀಣೆಯನ್ನೇ ಸದಾ ನುಡಿಸಿದವರಿಗೆ ಬೆರಳು ಪಳಗಬಹುದು. ಕಿವಿ ಪಳಗುವುದು ತಾನೇ ತಂತಿಯನ್ನು ಕೂಡಿಸಿದವರಿಗೆ.